ಹಳೆಯ ಕೆಂಪುಕಲ್ಲಿನ ಕಟ್ಟಡದಲ್ಲಿ ಎಕ್ಸ್-ರೇ ಕೋಣೆ: ಗೋಡೆ, ಬಾಗಿಲು, ಕಿಟಕಿ ಹೇಗಿರಬೇಕು?

ಅಡ್ಕದಮನೆ (ವಿಷಯ ಆರಂಭಿಸಿದವರು)

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ ರಸ್ತೆಗೆ ತಾಗಿಕೊಂಡು ಒಂದು ಹಳೆ ಕಟ್ಟಡ ಉಂಟು. ಅದರ ಮೂಲೆ ಕೋಣೆಯನ್ನು ಎಕ್ಸ್-ರೇಗೆ ಕೊಡಬೇಕೆಂದು ಕ್ಲಿನಿಕ್‌ನವರು ಕೇಳುತ್ತಿದ್ದಾರೆ. ವಿವರ ಹೀಗೆ. ಒಳ ಅಳತೆ 4.3 × 4.4 ಮೀಟರ್. ಕೆಂಪುಕಲ್ಲಿನ ಗೋಡೆ, 8 ಇಂಚು ದಪ್ಪ, ಎತ್ತರ 3 ಮೀಟರ್. ಒಳಗೆ ಮಾತ್ರ ಸಾರಣೆ ಆಗಿದೆ. ಹಂಚಿನ ಮಾಡು, ಕೆಳಗೆ ಜಿಪ್ಸಮ್ ಸೀಲಿಂಗ್. ಪೂರ್ವಕ್ಕೆ ಮೆಡಿಕಲ್ ಶಾಪ್. ದಕ್ಷಿಣಕ್ಕೆ ರೋಗಿಗಳು ಕೂರುವ ಜಗಲಿ, ಬಾಗಿಲು ಇರುವುದೂ ಅಲ್ಲೇ. ಪಶ್ಚಿಮಕ್ಕೆ ದರೆ (ಗುಡ್ಡ ಕಡಿದ ಬದಿ), ಆ ಬದಿಗೆ ಒಂದು ಕಿಟಕಿ. ಉತ್ತರಕ್ಕೆ ಹಿತ್ತಿಲು, ಅದರಾಚೆ 6 ಮೀಟರ್ ದೂರದಲ್ಲಿ ಎರಡು ಮಾಳಿಗೆಯ ಮನೆ. ಉತ್ತರದ ಗೋಡೆಯಲ್ಲಿ ಮೇಲೆ ಎರಡು ಗಾಳಿಕಂಡಿಗಳೂ ಉಂಟು. ಮೆಷಿನ್ 300 ಎಂಎ (ಮಿಲಿಆಂಪಿಯರ್), 100 ಕೆವಿ (ಕಿಲೋವೋಲ್ಟ್).

ನಾಲ್ಕೂ ಗೋಡೆಗೆ ಲೆಡ್ ಶೀಟ್ ಹೊಡೆಯಬೇಕು ಅಂತ ಒಬ್ಬರು, ಎಂತದೂ ಬೇಡ ಅಂತ ಇನ್ನೊಬ್ಬರು. ತಿಳಿದವರು ದಾರಿ ಹೇಳಿ.

ಕಿರಣಕಾವಲು (ವಿಕಿರಣ ಸುರಕ್ಷತೆ)

ಅಡ್ಕದಮನೆಯವರೇ, ಇಬ್ಬರು ಹೇಳಿದ್ದೂ ಸರಿಯಲ್ಲ. ಎಲ್ಲ ಗೋಡೆಗೂ ಸೀಸ ಬೇಡ. ಆದರೆ ಹೇಗಿದೆಯೋ ಹಾಗೇ ಬಿಡಲಿಕ್ಕೂ ಆಗುವುದಿಲ್ಲ.

ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ, ಅಳತೆ ಇಟ್ಟಿಗೆಯ ಲೆಕ್ಕದಲ್ಲಿದೆ. ನೇರ ಕಿರಣ ಬೀಳುವ ಗೋಡೆ, ಅಂದರೆ ಚೆಸ್ಟ್ ಸ್ಟ್ಯಾಂಡಿನ (ಎದೆಯ ಎಕ್ಸ್-ರೇಗೆ ರೋಗಿ ನಿಲ್ಲುವ ಸ್ಟ್ಯಾಂಡ್) ಹಿಂದಿನದ್ದು, 35 ಸೆಂ.ಮೀ. ಇಟ್ಟಿಗೆಗೆ ಸಮ ಇರಬೇಕು. ಉಳಿದವು 23 ಸೆಂ.ಮೀ. ಇಟ್ಟಿಗೆಗೆ ಸಮ. ಇಟ್ಟಿಗೆಯ ಸಾಂದ್ರತೆ ಘನ ಸೆಂ.ಮೀ.ಗೆ 1.6 ಗ್ರಾಂ ಎಂದು ಹಿಡಿದದ್ದು. ನಮ್ಮ ಕೆಂಪುಕಲ್ಲು ಇಟ್ಟಿಗೆಯಲ್ಲ. ಒಂದು ಪಣೆಯ (ಕಲ್ಲು ಕಡಿಯುವ ಜಾಗದ) ಕಲ್ಲಿಗೂ ಇನ್ನೊಂದರ ಕಲ್ಲಿಗೂ ಭಾರಿ ವ್ಯತ್ಯಾಸ ಇರ್ತದೆ. ಆದ್ದರಿಂದ ಊಹೆ ಬಿಟ್ಟು ಕಲ್ಲನ್ನು ತೂಗಿ.

ಅದೇ ಗೋಡೆ ಕಟ್ಟಿದ ಜಾತಿಯ ನಾಲ್ಕೈದು ಕಲ್ಲು ಹುಡುಕಿ ಚೆನ್ನಾಗಿ ಒಣಗಿಸಿ. ಮಳೆ ನೀರು ಕುಡಿದ ಕೆಂಪುಕಲ್ಲು ಸುಳ್ಳು ತೂಕ ತೋರಿಸ್ತದೆ. ಉದ್ದ, ಅಗಲ, ಎತ್ತರ ಅಳೆದು ತೂಗಿ. ಉದಾಹರಣೆಗೆ 38 × 20 × 18 ಸೆಂ.ಮೀ. ಕಲ್ಲು 24 ಕಿಲೋ ತೂಗಿದರೆ ಸಾಂದ್ರತೆ ಸುಮಾರು 1.75. ಈಗ ದಪ್ಪವನ್ನು ಸಾಂದ್ರತೆಯಿಂದ ಗುಣಿಸಿ: 20 × 1.75 = 35. ಒಳಗಿನ 12 ಮಿ.ಮೀ. ಸಾರಣೆಯಿಂದ ಇನ್ನೊಂದು 2.4. ಒಟ್ಟು 37.4. ಬೇಕಾದದ್ದು 23 × 1.6 = 36.8. ಕೂದಲೆಳೆಯಲ್ಲಿ ಪಾಸ್. ಅದೇ ಕಲ್ಲು 1.5 ಬಂದರೆ ಒಟ್ಟು 32.4, ಸಾಲುವುದಿಲ್ಲ. ಆಗ ಹೊರಗಡೆಯೂ 20 ಮಿ.ಮೀ. ಸಿಮೆಂಟ್ ಸಾರಣೆ, ಒಳಗೆ ಇನ್ನೊಂದು ಪದರ. ಕೆಂಪುಕಲ್ಲಿನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇರುವುದರಿಂದ ಅದೇ ತೂಕಕ್ಕೆ ಇಟ್ಟಿಗೆಗಿಂತ ಸ್ವಲ್ಪ ಹೆಚ್ಚೇ ತಡೆಯುತ್ತದೆ. ಆ ಲಾಭವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕಲ್ಲಿನ ಒಳಗಿನ ತೂತುಗಳಿಗೆ ಬಿಟ್ಟುಬಿಡಿ.

ಚೆಸ್ಟ್ ಸ್ಟ್ಯಾಂಡಿನ ಗೋಡೆಗೆ ಬೇಕಾದದ್ದು 35 × 1.6 = 56. ನಿಮ್ಮಲ್ಲಿ ಇರುವುದು 37. ಪೂರ್ವಕ್ಕೆ ಸ್ಟ್ಯಾಂಡ್ ಇಟ್ಟರೆ ಮೆಡಿಕಲ್ ಶಾಪಿನ ಹುಡುಗರು ದಿನವಿಡೀ ಅದರ ಹಿಂದೆ ನಿಂತಿರುತ್ತಾರೆ. ಅಲ್ಲಿ ಬೇಡವೇ ಬೇಡ. ಪಶ್ಚಿಮಕ್ಕೆ ಇಡಿ. ದರೆಯ ಮಣ್ಣು ಗೋಡೆಯ ಹಿಂದೆ ಎದೆಮಟ್ಟಕ್ಕಿಂತ ಮೇಲಿನವರೆಗೆ ಉಂಟಾದರೆ ಅಲ್ಲಿ ನಿಲ್ಲುವವರೇ ಇಲ್ಲ. ಜಾಗ ಬೇರೆ ಇಲ್ಲದೆ ಪೂರ್ವಕ್ಕೇ ಇಡಬೇಕಾದರೆ ಒಳಗಿನಿಂದ 10 ಸೆಂ.ಮೀ. ಸಾಲಿಡ್ ಕಾಂಕ್ರೀಟ್ ಬ್ಲಾಕಿನ ಇನ್ನೊಂದು ಗೋಡೆ ಎಬ್ಬಿಸಿ. ಸಾಂದ್ರತೆ 2.2 ಹಿಡಿದರೆ 22 ಸೇರಿ 59 ಆಗ್ತದೆ. ಹಾಲೋ ಬ್ಲಾಕ್ ತರಬೇಡಿ. ತಂದರೆ ತೂತಿಗೆಲ್ಲ ಕಾಂಕ್ರೀಟ್ ತುಂಬಿಸಲೇಬೇಕು.

ಇನ್ನು ಅಳತೆ. ಸಾಮಾನ್ಯ ಎಕ್ಸ್-ರೇ ಕೋಣೆಗೆ 18 ಚದರ ಮೀಟರ್, ಯಾವ ಬದಿಯೂ 4 ಮೀಟರಿಗಿಂತ ಕಡಿಮೆ ಇಲ್ಲ ಎಂಬ ಲೆಕ್ಕ ಬಹಳ ಹಿಂದಿನಿಂದ ಬಂದದ್ದು. ನಿಮ್ಮದು 18.9. ಸರಿ ಇದೆ. ಆದರೆ ಉತ್ತರಕ್ಕೆ ಇದೆಯೆಂದು ನೀವು ಬರೆದ ಎರಡು ಮಾಳಿಗೆ ಮನೆ ನನಗೆ ಗೋಡೆಗಿಂತ ಮುಖ್ಯ. ಅದನ್ನು ಬೇರೆಯಾಗಿ ಬರೆಯುತ್ತೇನೆ.

ಗಾರೆಕೆಲಸ (ಸಿವಿಲ್)

ಮೇಲಿನ ಲೆಕ್ಕ ಇಡೀ ಗೋಡೆ ಒಂದೇ ಕಲ್ಲು ಅನ್ನುವ ಹಾಗೆ ಮಾಡಿದ್ದು. ಹಳೆ ಕಟ್ಟಡದಲ್ಲಿ ಸೋರುವುದು ಕಲ್ಲಿನಿಂದ ಅಲ್ಲ, ಸಂದಿನಿಂದ. ಮಣ್ಣಿನ ಗಾರೆಯಲ್ಲಿ ಕಟ್ಟಿದ್ದಾದರೆ ನಿಲುವು ಸಂದುಗಳಲ್ಲಿ ಗಾರೆ ಅರ್ಧ ಉದುರಿರ್ತದೆ, ಒಳಗಿನ ಸಾರಣೆ ಮಾತ್ರ ಮುಚ್ಚಿಕೊಂಡಿರ್ತದೆ. ಹೊರಗಿನಿಂದ ಸಂದುಗಳನ್ನು 3-4 ಸೆಂ.ಮೀ. ಕೆರೆದು, ನೀರು ಹೊಡೆದು, 1:4 ಸಿಮೆಂಟ್ ಗಾರೆ ಒತ್ತಿ ತುಂಬಿ. ಆಮೇಲೆ ಸಾರಣೆ. ಇಷ್ಟಾದರೆ ಅರ್ಧ ಸಮಸ್ಯೆ ಮುಗಿಯಿತು.

ಇನ್ನರ್ಧ ಎಲೆಕ್ಟ್ರಿಷಿಯನ್ ಬಂದ ಮೇಲೆ ಹುಟ್ಟುವುದು. 8 ಇಂಚಿನ ಗೋಡೆಯನ್ನು 2 ಇಂಚು ಕೊರೆದು ಸ್ವಿಚ್ ಬಾಕ್ಸ್ ಕೂರಿಸಿದರೆ ಅಲ್ಲಿ ಉಳಿದದ್ದು 6. ಜಗಲಿ ಬದಿಯಿಂದಲೂ ಅದೇ ಜಾಗಕ್ಕೆ ಇನ್ನೊಂದು ಬಾಕ್ಸ್ ಬಂದರೆ 4. ಎಸಿ ಪೈಪಿನ ತೂತು ನೇರವಾಗಿ ಹೊಡೆದರೆ ಅದೊಂದು ಕಿಟಕಿಯೇ. ಎಕ್ಸ್-ರೇ ಕೋಣೆಯಲ್ಲಿ ವಯರಿಂಗ್ ಗೋಡೆಯ ಮೇಲಿನಿಂದ ಕೇಸಿಂಗ್‌ನಲ್ಲಿ ಹೋಗಲಿ. ಎಸಿ ತೂತು 2 ಮೀಟರಿಗಿಂತ ಮೇಲೆ, ಓರೆಯಾಗಿ, ಮೇಜಿಗೆ ಮುಖ ಮಾಡದ ಗೋಡೆಯಲ್ಲಿರಲಿ.

ಗೋಡೆಯ ತೂಕ ಸಾಲದೆ ಜಾಗವೂ ಇಲ್ಲದಿದ್ದರೆ ಬೇರೈಟ್ ಸಾರಣೆ ಉಂಟು. ಬೇರಿಯಂ ಸಲ್ಫೇಟಿನ ಖನಿಜ ಅದು. ಆಂಧ್ರದ ಮಂಗಂಪೇಟೆಯಲ್ಲಿ ದೊಡ್ಡ ನಿಕ್ಷೇಪವೇ ಇರುವುದರಿಂದ ದಕ್ಷಿಣದಲ್ಲಿ ಸಿಗುವುದು ಕಷ್ಟವಿಲ್ಲ. ಮಾಮೂಲಿ ಸಾರಣೆಗಿಂತ ತುಂಬಾ ಭಾರ. ಒಂದೇ ಸಲಕ್ಕೆ ದಪ್ಪ ಹಾಕಿದರೆ ತನ್ನ ಭಾರಕ್ಕೇ ಜಾರಿ ಬೀಳ್ತದೆ, ಇಲ್ಲವೇ ಬಿರುಕು ಬಿಡ್ತದೆ. ಹಳೆ ಸಾರಣೆ ಕೆತ್ತಿ, ಕೋಳಿಬಲೆ ಹೊಡೆದು, 6-8 ಮಿ.ಮೀ.ಯ ಪದರಗಳಾಗಿ ಹಾಕಿ ನೀರುಣಿಸಿ. ಬಿರುಕು ಬಿಟ್ಟ ಬೇರೈಟ್ ಸಾರಣೆಗೆ ಹಣ ಕೊಟ್ಟದ್ದು ವ್ಯರ್ಥ.

ಪಶ್ಚಿಮದ ಕಿಟಕಿ ನೋಡಿ ಮಾರಾಯ್ರೇ. ತಡೆ ಇಲ್ಲದ ಕಿಂಡಿ 2 ಮೀಟರಿಗಿಂತ ಮೇಲಿರಬೇಕು ಅನ್ನುವ ನಿಯಮ ಹೊರಗಿನ ನೆಲದಿಂದ ಅಳೆಯುವುದು. ನಮ್ಮ ಕಡೆ ಗುಡ್ಡ ಕಡಿದೇ ಮನೆ ಕಟ್ಟುವುದು. ಒಳಗಿನಿಂದ 2.2 ಮೀಟರ್ ಎತ್ತರದಲ್ಲಿರುವ ಕಿಟಕಿ, ಹೊರಗೆ ದರೆಯ ಮೇಲಿನ ಕಾಲುದಾರಿಗೆ ಮೊಣಕಾಲಿನ ಮಟ್ಟದಲ್ಲಿರಬಹುದು. ಹಾಗಿದ್ದರೆ ಆ ಕಿಟಕಿಯನ್ನು ಅದೇ ಕಲ್ಲು, ಸಿಮೆಂಟ್ ಗಾರೆಯಿಂದ ಕಟ್ಟಿ ಮುಚ್ಚಿ.

ಅಡ್ಕದಮನೆ

ಕಿಟಕಿಯ ಹೊರಗೆ ದರೆಯ ಮೇಲೆ ಶಾಲೆ ಮಕ್ಕಳು ಹೋಗುವ ದಾರಿ ಉಂಟು. ಮುಚ್ಚಿಸುತ್ತೇವೆ. ಬಾಗಿಲಿನ ವಿಷಯ ಹೇಳಿ. 1.2 × 2.1 ಮೀಟರ್ ಒಂಟಿ ಬಾಗಿಲು, ಹಲಸಿನ ಮರದ್ದು. ಅದಕ್ಕೇ ಲೆಡ್ ಹೊಡೆಯಬಹುದಾ?

ಗಾರೆಕೆಲಸ

ಬಾಗಿಲಿಗೆ 1.7 ಮಿ.ಮೀ. ಸೀಸ ಬೇಕು. ಅಂಗಡಿಯಲ್ಲಿ ಸಿಗುವುದು 2 ಮಿ.ಮೀ. ಶೀಟ್. ಚದರ ಮೀಟರಿಗೆ 22.7 ಕಿಲೋ. ನಿಮ್ಮ ಬಾಗಿಲಿಗೆ ಸೀಸವೇ 57 ಕಿಲೋ ಆಯಿತು. ಈಗಿರುವ ಮೂರು ಹಿಂಜಿಸ್ ತಡೆಯುವುದಿಲ್ಲ. ಒಂದೆರಡು ಮಳೆಗಾಲದಲ್ಲಿ ಬಾಗಿಲು ಬಾಗಿ, ಮೇಲಿನ ಮೂಲೆಯಲ್ಲಿ ಸಂದು ಬಿಡ್ತದೆ. ಅಲ್ಲಿಂದಲೇ ಕಿರಣ ಜಗಲಿಗೆ ಬರುವುದು.

ಸರಿಯಾದ ಕ್ರಮ: ಎರಡು ಪ್ಲೈವುಡ್ಡಿನ ನಡುವೆ ಶೀಟನ್ನು ಅಂಟಿಸಿ ಒತ್ತಿ ಕೂರಿಸಿದ ಹೊಸ ಬಾಗಿಲು, ಉಕ್ಕಿನ ಚೌಕಟ್ಟು, ನಾಲ್ಕು ಬೇರಿಂಗ್ ಹಿಂಜಿಸ್. ಇಲ್ಲವೇ ಮೇಲಿನಿಂದ ತೂಗುವ ಜಾರುಬಾಗಿಲು. ಸೀಸ ಮೆತ್ತಗಿನ ಲೋಹ. ಬರೀ ಮೇಲಿನಿಂದ ಮೊಳೆ ಹೊಡೆದು ತೂಗುಹಾಕಿದರೆ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯುತ್ತದೆ. ಮೇಲೆ ಒಂದೆರಡು ಇಂಚು ಬರಿದಾಗ್ತದೆ, ಹೊರಗಿನಿಂದ ಯಾರಿಗೂ ಕಾಣಿಸುವುದಿಲ್ಲ. ಶೀಟಿಗೆ ಶೀಟ್ ಕೂಡುವಲ್ಲಿ ಕನಿಷ್ಠ 1.5-2 ಸೆಂ.ಮೀ. ಮೇಲೆ ಬೀಳಬೇಕು, ಅಂಚಿಗೆ ಅಂಚು ಕೂಡಿಸಿದರೆ ಸಾಲದು. ಸ್ಕ್ರೂ ತಲೆಯ ಮೇಲೂ ಸೀಸದ ಬಿಲ್ಲೆ. ದಾರಂದದ (ಬಾಗಿಲಿನ ಚೌಕಟ್ಟಿನ) ಒಳಗೂ ಸೀಸ ಬೇಕು, ಬಾಗಿಲಿನ ಸೀಸ ಅದರ ಮೇಲೆ ಬರುವ ಹಾಗೆ. ಬೀಗ ಕೊರೆದ ಜಾಗವನ್ನು ಎಲ್ಲರೂ ಮರೆಯುವುದು. ಅಲ್ಲಿಗೂ ಒಂದು ತುಂಡು. ಕೆಳಗಿನ ಸಂದು 5 ಮಿ.ಮೀ. ದಾಟದಿರಲಿ.

ಮರ ಮತ್ತು ಸೀಸ ಬರಿಮೈಯಲ್ಲಿ ತಾಗಿಕೊಂಡಿರಬಾರದು. ನಮ್ಮ ಮಳೆಗಾಲದ ತೇವದಲ್ಲಿ ಮರ ಬಿಡುವ ಆಮ್ಲಕ್ಕೆ ಸೀಸದ ಮೇಲೆ ಬಿಳಿ ಹುಡಿ ಏಳ್ತದೆ. ಅದು ವಿಷ. ಎರಡೂ ಬದಿ ಪೇಂಟ್ ಕೊಟ್ಟೇ ಕೂರಿಸಿ. ಕತ್ತರಿಸುವವರು ಕತ್ತರಿಯಲ್ಲೇ ಕತ್ತರಿಸಲಿ, ಗ್ರೈಂಡರ್ ಹಿಡಿಯುವುದು ಬೇಡ. ಕೆಲಸ ಮುಗಿಸಿ ಕೈ ತೊಳೆಯದೆ ಬೀಡಿಗೂ ಊಟಕ್ಕೂ ಕೈ ಹಾಕಬಾರದು.

ಹಿತ್ತಿಲಿನಾಚೆ

ನಾನು ವೈದ್ಯಕೀಯದವಳಲ್ಲ. ಎರಡು ಮಾಳಿಗೆ ಮನೆಯವರ ಪರವಾಗಿ ಕೇಳುವುದು ಅಂದುಕೊಳ್ಳಿ. ಮೆಷಿನ್ ನಿಲ್ಲಿಸಿದ ಮೇಲೂ ಆ ಕೋಣೆಯಲ್ಲಿ ವಿಕಿರಣ ಉಳಿಯುತ್ತದೆ, ಗೋಡೆ ಹೀರಿಕೊಂಡಿರುತ್ತದೆ, ಬಾವಿ ನೀರಿಗೂ ಇಳಿಯುತ್ತದೆ ಎನ್ನುತ್ತಾರೆ. ಮೇಲಿನ ಮಾಳಿಗೆಯಲ್ಲಿ ಮಗು ಮಲಗುವ ಕೋಣೆಯ ಕಿಟಕಿ ಇತ್ತ ಮುಖವೇ ಆಗಿದ್ದರೆ ಏನು ಮಾಡಬೇಕು?

ಕಿರಣಕಾವಲು

ಅಕ್ಕ, ಮೊದಲ ಮೂರಕ್ಕೂ ಉತ್ತರ ಇಲ್ಲ ಎಂದೇ. ಎಕ್ಸ್-ರೇ ಟ್ಯೂಬಿಗೆ ವಿದ್ಯುತ್ ಹರಿಯುವ ಆ ಕ್ಷಣದಲ್ಲಿ ಮಾತ್ರ ಕಿರಣ ಇರ್ತದೆ. ಸ್ವಿಚ್ ಆರಿಸಿದ ಲೈಟಿನ ಹಾಗೆ ಅದು ನಿಂತೇ ಹೋಗ್ತದೆ. ಗೋಡೆ, ಹಾಸಿಗೆ, ಗಾಳಿ, ನೀರು ಯಾವುದೂ ವಿಕಿರಣಶೀಲ ಆಗುವುದಿಲ್ಲ. ದಿನಕ್ಕೆ 50 ಎಕ್ಸ್-ರೇ, ಒಂದೊಂದಕ್ಕೆ 0.1 ಸೆಕೆಂಡ್ ಅಂದರೆ ಇಡೀ ದಿನದಲ್ಲಿ ಕಿರಣ ಇದ್ದದ್ದು 5 ಸೆಕೆಂಡ್.

ಕಿಟಕಿಯ ಪ್ರಶ್ನೆ ಮಾತ್ರ ನ್ಯಾಯವಾದದ್ದು, ಅದಕ್ಕೆ ಲೆಕ್ಕವೇ ಉತ್ತರ. ಮೇಜಿನ ಮೇಲೆ ಮಲಗಿದ ರೋಗಿಯ ಮೈಯಿಂದ ಕಿರಣ ಎಲ್ಲ ದಿಕ್ಕಿಗೂ ಚದರುತ್ತದೆ. 1 ಮೀಟರ್ ದೂರದಲ್ಲಿ ಅದು ರೋಗಿಯ ಮೈಮೇಲೆ ಬಿದ್ದದ್ದರ ಸಾವಿರದಲ್ಲಿ ಒಂದು ಪಾಲು. ದೂರ ಎರಡು ಪಟ್ಟಾದರೆ ಕಾಲು ಪಾಲು, ಮೂರು ಪಟ್ಟಾದರೆ ಒಂಬತ್ತನೇ ಒಂದು ಪಾಲು.

ಈಗ ಗೆರೆ ಎಳೆಯಿರಿ. ಮೇಜಿನ ಎತ್ತರ 0.9 ಮೀ., ಅದರ ನಡುವಿನಿಂದ ಉತ್ತರದ ಗೋಡೆಗೆ 2.2 ಮೀ., ಅಲ್ಲಿಂದ ಮನೆಗೆ 6 ಮೀ., ಮಾಳಿಗೆ ಕಿಟಕಿಯ ಮೇಲಂಚು 5 ಮೀ. ಎತ್ತರ ಎಂದುಕೊಳ್ಳೋಣ. ಮೇಜಿನಿಂದ ಆ ಅಂಚಿಗೆ ಎಳೆದ ನೇರ ಗೆರೆ ಉತ್ತರದ ಗೋಡೆಯನ್ನು 2 ಮೀಟರ್ ಎತ್ತರದಲ್ಲಿ ದಾಟುತ್ತದೆ. ಗೋಡೆ 3 ಮೀಟರ್ ಇರುವುದರಿಂದ ಕಲ್ಲು ಅಡ್ಡ ಬರ್ತದೆ. ಹಂಚಿನ ಮಾಡು ನೇರ ದಾರಿಯಲ್ಲೇ ಇಲ್ಲ. ಆದರೆ ಗಾಳಿಕಂಡಿ? ಅದು ನೆಲದಲ್ಲಿ ನಿಂತವರಿಗೆ ಸುರಕ್ಷಿತ, ನಿಯಮಕ್ಕೂ ಸರಿ. ಮಾಳಿಗೆಯಲ್ಲಿ ಇರುವವರಿಗೆ ಅದು ನೇರ ದಾರಿಯಾಗಬಹುದು. ಹೊಟ್ಟೆಯ ಎಕ್ಸ್-ರೇಗೆ ಮೈಮೇಲೆ 5 ಮಿಲಿಗ್ರೇ (ಹೀರಿಕೊಂಡ ಕಿರಣದ ಅಳತೆ) ಬಿದ್ದರೆ 1 ಮೀಟರಿನಲ್ಲಿ 5 ಮೈಕ್ರೋಗ್ರೇ, 8 ಮೀಟರಿನಲ್ಲಿ ಸುಮಾರು 0.08. ವರ್ಷಕ್ಕೆ ಅಂಥ 6000 ಎಕ್ಸ್-ರೇ ಎಂದರೆ 0.5 ಮಿಲಿಸೀವರ್ಟಿನಷ್ಟು (ಎಕ್ಸ್-ರೇ ಲೆಕ್ಕಕ್ಕೆ ಮಿಲಿಗ್ರೇ, ಮಿಲಿಸೀವರ್ಟ್ ಹೆಚ್ಚುಕಡಿಮೆ ಒಂದೇ). ಸಾರ್ವಜನಿಕರಿಗೆ ಇರುವ ವರ್ಷದ ಮಿತಿ 1 ಮಿಲಿಸೀವರ್ಟ್. ಹೆಚ್ಚಿನ ಎಕ್ಸ್-ರೇಗಳು ಕೈಕಾಲು, ಎದೆಯದ್ದು. ಆದ್ದರಿಂದ ನಿಜವಾದ ಅಂಕಿ ಇದಕ್ಕಿಂತ ತುಂಬಾ ಕೆಳಗಿರ್ತದೆ. ಆದರೂ ಎರಡು ಕಂಡಿ ಮುಚ್ಚಿದರೆ ಹೋಗುವ ಪ್ರಮಾಣವನ್ನು ಒಂದು ಮಗುವಿನ ಕೋಣೆಗೆ ಬಿಡುವುದು ಯಾಕೆ? ಮುಚ್ಚಿ, ಎಕ್ಸಾಸ್ಟ್ ಫ್ಯಾನನ್ನು ದಕ್ಷಿಣದ ಗೋಡೆಯಲ್ಲಿ ಜಗಲಿ ಮಾಡಿನ ಮೇಲ್ಮಟ್ಟಕ್ಕೆ ಕೊಡಿ.

ಅಡ್ಕದಮನೆಯವರೇ, ನಿಮ್ಮ ನಿಜವಾದ ಅಳತೆ ಹಾಕಿ ಇದೇ ಗೆರೆ ಎಳೆದು ನೋಡಿ. ಗೆರೆ ಗೋಡೆಯ ತುದಿಗಿಂತ ಮೇಲೆ ಹೋದರೆ ಹಂಚಿನ ಮಾಡು ಸಾಲದು, ಕಾಂಕ್ರೀಟ್ ಸ್ಲ್ಯಾಬೇ ಬೇಕು.

ಚುಕ್ಕಿ (ರೇಡಿಯೋಗ್ರಾಫರ್)

ಗೋಡೆ ಸರಿಯಾಯಿತು ಎಂದೇ ಇಟ್ಟುಕೊಳ್ಳೋಣ. ಒಳಗೆ ಕೆಲಸ ಮಾಡುವವರ ಮತ್ತು ರೋಗಿಗಳ ಪಾಲಿಗೆ ಗೋಡೆಯಿಂದ ಪ್ರಯೋಜನ ಇಲ್ಲ. ಅಲ್ಲಿ ಕೈಯ ಅಭ್ಯಾಸವೇ ರಕ್ಷಣೆ.

ಕಂಟ್ರೋಲ್ ಪ್ಯಾನಲ್ ಟ್ಯೂಬಿನಿಂದಲೂ ಚೆಸ್ಟ್ ಸ್ಟ್ಯಾಂಡಿನಿಂದಲೂ 3 ಮೀಟರಿಗೆ ಕಡಿಮೆ ಇಲ್ಲದಂತೆ, 1.5 ಮಿ.ಮೀ. ಸೀಸಕ್ಕೆ ಸಮನಾದ ತಡೆಯ ಹಿಂದೆ ಇರಬೇಕು. ತಡೆಯ ಗಾಜೂ ಅಷ್ಟೇ ಸಮ ಇರಬೇಕು. ದಪ್ಪದ ಸಾದಾ ಗಾಜು ಕೂರಿಸಿದ ತಡೆಗಳು ಸಿಗುತ್ತವೆ. ಲೆಡ್ ಗಾಜು ಭಾರ, ಸ್ವಲ್ಪ ಹಳದಿ ಛಾಯೆ ಇರ್ತದೆ, ಅದರ ಮೇಲೆ ಸಮಾನತೆ ಬರೆದಿರ್ತದೆ. ಸಂಶಯ ಬಂದರೆ ಕ್ಯಾಸೆಟ್ಟಿನ (ಚಿತ್ರ ಮೂಡುವ ಹಲಗೆ) ಅರ್ಧಕ್ಕೆ ಗಾಜು, ಅರ್ಧಕ್ಕೆ 1.5 ಮಿ.ಮೀ. ಸೀಸ ಇಟ್ಟು ಒಂದು ಎಕ್ಸ್‌ಪೋಷರ್ ಕೊಡಿ. ಗಾಜಿನ ಬದಿ ಕಪ್ಪಾಗಿ ಬಂದರೆ ಅದು ಲೆಡ್ ಗಾಜಲ್ಲ.

ಕಿರಣದ ಚೌಕವನ್ನು ಕಿರಿದು-ಅಗಲ ಮಾಡುವ ಕಾಲಿಮೇಟರನ್ನು ಪೂರ್ತಿ ತೆರೆದಿಟ್ಟು ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸುವ ಅಭ್ಯಾಸ ಡಿಜಿಟಲ್ ಬಂದ ಮೇಲೆ ಹೆಚ್ಚಾಗಿದೆ. ಚಿತ್ರ ಕತ್ತರಿಸಿದರೆ ರೋಗಿಗೆ ಬಿದ್ದದ್ದು ವಾಪಸು ಬರುವುದಿಲ್ಲ. 35 × 43 ಸೆಂ.ಮೀ.ಯಿಂದ 20 × 25ಕ್ಕೆ ಇಳಿಸಿದರೆ ಕಿರಣ ಬೀಳುವ ಜಾಗ ಮೂರನೇ ಒಂದು ಪಾಲು. ಚದರುವುದೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ, ಚಿತ್ರವೂ ಸ್ಪಷ್ಟವಾಗ್ತದೆ. ಕಾಲಿಮೇಟರಿನ ಬಲ್ಬ್ ಬದಲಾಯಿಸಿದ ಮೇಲೆ ಬೆಳಕಿನ ಚೌಕವೂ ಕಿರಣದ ಚೌಕವೂ ತಾಳೆಯಾಗುತ್ತವೋ ನೋಡಲೇಬೇಕು: ಬೆಳಕಿನ ನಾಲ್ಕು ಅಂಚಿಗೆ ನಾಣ್ಯ ಇಟ್ಟು ಕಡಿಮೆ ಎಕ್ಸ್‌ಪೋಷರ್ ಕೊಡಿ. 1 ಮೀಟರ್ ದೂರಕ್ಕೆ 2 ಸೆಂ.ಮೀ.ಗಿಂತ ಹೆಚ್ಚು ತಪ್ಪಿದರೆ ಸರ್ವಿಸ್‌ನವರನ್ನು ಕರೆಯಿರಿ.

ಫಿಲ್ಮ್ ಕಾಲದಲ್ಲಿ ಹೆಚ್ಚಾದರೆ ಕಪ್ಪಾಗಿ ಗೊತ್ತಾಗ್ತಿತ್ತು. ಡಿಜಿಟಲ್‌ನಲ್ಲಿ ಹೆಚ್ಚು ಕೊಟ್ಟಷ್ಟೂ ಚಿತ್ರ ಚಂದ ಕಾಣುವುದರಿಂದ ಎಂಎಎಸ್ (ಎಂಎಯನ್ನು ಸೆಕೆಂಡಿನಿಂದ ಗುಣಿಸಿದ್ದು, ಅಂದರೆ ಕೊಟ್ಟ ಕಿರಣದ ಪ್ರಮಾಣ) ತಿಂಗಳಿಂದ ತಿಂಗಳಿಗೆ ಮೇಲೆ ಹೋಗುತ್ತದೆ. ಬೇಕಾದ ಪ್ರಮಾಣದಿಂದ ಎಷ್ಟು ತಪ್ಪಿತೆಂದು ಮೆಷಿನ್ ತೋರಿಸುವ ಅಂಕಿ, ಡೀವಿಯೇಷನ್ ಇಂಡೆಕ್ಸ್, ನೋಡುವ ಅಭ್ಯಾಸ ಇರಲಿ. 0 ಸರಿ, +3 ಅಂದರೆ ಎರಡು ಪಟ್ಟು ಕೊಟ್ಟಿದ್ದೀರಿ, −3 ಅಂದರೆ ಅರ್ಧ. ತೆಳ್ಳಗಿನ ಮಕ್ಕಳಿಗೆ ಗ್ರಿಡ್ (ಚದರಿದ ಕಿರಣ ತಡೆಯುವ ಜಾಲರಿ) ತೆಗೆಯಿರಿ. ಅದೊಂದೇ ಎರಡರಿಂದ ನಾಲ್ಕು ಪಟ್ಟು ಉಳಿಸುತ್ತದೆ.

ಸಂಜೆ ವೋಲ್ಟೇಜ್ ಇಳಿಯುವ ಊರುಗಳಲ್ಲಿ ಕೆವಿ ಇಳಿದು ಚಿತ್ರ ಮಸುಕಾಗಿ ಮತ್ತೊಮ್ಮೆ ತೆಗೆಯುವ ಪ್ರಸಂಗ ಬರ್ತದೆ. ಎರಡನೇ ಸಲ ತೆಗೆದ ಪ್ರತಿಯೊಂದನ್ನೂ ಕಾರಣ ಸಮೇತ ಪುಸ್ತಕದಲ್ಲಿ ಬರೆಯಿರಿ: ಅಲುಗಾಡಿದ್ದು, ಭಂಗಿ, ವೋಲ್ಟೇಜ್, ಸರ ತೆಗೆಯದ್ದು. ನೂರರಲ್ಲಿ ಹತ್ತಕ್ಕಿಂತ ಹೆಚ್ಚಾದರೆ ಯಾವ ಕಾರಣ ಮೇಲಿದೆ ನೋಡಿ ಅದನ್ನೇ ಸರಿಪಡಿಸಿ. ಮೆಷಿನಿಗೆ ಬೇರೆಯೇ ಲೈನ್, ಸ್ಟೆಬಿಲೈಸರ್ ಇದ್ದರೆ ವೋಲ್ಟೇಜಿನ ಸಾಲು ಪುಸ್ತಕದಿಂದ ಬೇಗ ಮಾಯವಾಗ್ತದೆ.

ಮಗುವನ್ನು ಹಿಡಿಯುವ ಕೆಲಸ ಸಿಬ್ಬಂದಿಯದ್ದಲ್ಲ. ಮೊದಲು ಪಟ್ಟಿ, ಮರಳಿನ ಚೀಲ. ಆಗದಿದ್ದರೆ ಅಪ್ಪನೋ ಮಾವನೋ ಸೀಸದ ಏಪ್ರನ್ ಹಾಕಿಕೊಂಡು, ಕಿರಣದ ಚೌಕದಿಂದ ಕೈ ಹೊರಗಿಟ್ಟು ಹಿಡಿಯಲಿ. ತಾಯಿಯೇ ಬಂದರೆ ಗರ್ಭಿಣಿಯಲ್ಲವೆಂದು ಕೇಳಿಯೇ ಒಳಗೆ ಬಿಡಬೇಕು.

ಬೇಕಲ67

ಚುಕ್ಕಿಯವರು ರೋಗಿಗಳಿಗೆ ಗೊನಾಡ್ ಶೀಲ್ಡ್ (ವೃಷಣ, ಅಂಡಾಶಯದ ಮೇಲೆ ಇಡುವ ಸೀಸದ ಹೊದಿಕೆ) ಇಡುವುದನ್ನು ಬರೆಯಲೇ ಇಲ್ಲ. ಹದಿಹರೆಯದ ಮಕ್ಕಳ ಸೊಂಟದ ಎಕ್ಸ್-ರೇಗೆ ಅದಿಲ್ಲದೆ ತೆಗೆಯುವುದು ಅಪರಾಧವೇ ಸರಿ. ದಶಕಗಳಿಂದ ಎಲ್ಲ ಕಡೆ ಕಲಿಸಿದ್ದು ಅದನ್ನೇ.

ಚುಕ್ಕಿ

ಅಣ್ಣ, ಕಲಿಸಿದ್ದು ನಿಜ. ಆದರೆ ಹೆಣ್ಣುಮಕ್ಕಳ ಅಂಡಾಶಯ ಎಲ್ಲಿದೆ ಎಂದು ಹೊರಗಿನಿಂದ ಖಚಿತವಾಗಿ ಹೇಳಲಿಕ್ಕಾಗುವುದಿಲ್ಲ. ಶೀಲ್ಡ್ ತಪ್ಪಿ ಕೂತು ಸೊಂಟದ ಮೂಳೆ ಮುಚ್ಚಿಹೋದರೆ ಮತ್ತೊಂದು ಎಕ್ಸ್‌ಪೋಷರ್. ಇನ್ನು ಆಟೋಮ್ಯಾಟಿಕ್ ಎಕ್ಸ್‌ಪೋಷರ್ ಇರುವ ಮೆಷಿನಿನಲ್ಲಿ ಶೀಲ್ಡ್ ಸೆನ್ಸಾರಿನ ಮೇಲೆ ಬಂದರೆ ಮೆಷಿನ್ ಕಿರಣ ಸಾಲದೆಂದು ತಿಳಿದು ಜಾಸ್ತಿ ಕೊಡುತ್ತದೆ. ಅಮೆರಿಕದ ವೈದ್ಯಕೀಯ ಭೌತಶಾಸ್ತ್ರಜ್ಞರ ಸಂಘ 2019ರಲ್ಲಿ ರೋಗಿಗಳಿಗೆ ಗೊನಾಡ್ ಶೀಲ್ಡನ್ನು ಮಾಮೂಲಿಯಾಗಿ ಇಡುವುದನ್ನು ನಿಲ್ಲಿಸಬೇಕೆಂದು ಹೇಳಿದ್ದು ಇದೇ ಕಾರಣಗಳಿಗೆ.

ಕಿರಣಕಾವಲು

ಇಬ್ಬರ ಮಾತಿನಲ್ಲೂ ಹುರುಳಿದೆ. ಶೀಲ್ಡ್ ಕೋಣೆಯಲ್ಲಿ ಇರಲಿ, ತಪಾಸಣೆಗೆ ಬಂದವರು ಕೇಳುತ್ತಾರೆ. ಗಂಡುಮಕ್ಕಳಿಗೆ, ಶೀಲ್ಡ್ ಮೂಳೆಗೆ ಅಡ್ಡ ಬರದ ಸಂದರ್ಭದಲ್ಲಿ ಇಡಬಹುದು. ಕೈಯ ಎಕ್ಸ್-ರೇಗೆ ಬಂದವರು ಹೆದರಿ ಕೇಳಿದರೆ ಏಪ್ರನ್ ಕೊಟ್ಟುಬಿಡಿ, ಅದರಿಂದ ನಷ್ಟವಿಲ್ಲ. ಆದರೆ ಶೀಲ್ಡ್ ಇಟ್ಟೆವು ಎಂದು ಕಾಲಿಮೇಟರ್ ತೆರೆದಿಡುವುದು ನಡೆಯಬಾರದು. ಚೌಕ ಕಿರಿದು ಮಾಡಿದಷ್ಟು ಲಾಭ ಶೀಲ್ಡಿನಿಂದ ಬರುವುದಿಲ್ಲ.

ಬೇಕಲ67

ಸೆನ್ಸಾರಿನ ವಿಷಯ ಒಪ್ಪಿದೆ. ಏಪ್ರನ್‌ಗಳ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಎಕ್ಸ್-ರೇಗೆ 0.25 ಮಿ.ಮೀ. ಸೀಸಕ್ಕೆ ಸಮಾನದ್ದು ಸಾಕು, ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಎಕ್ಸ್-ರೇ ಚಿತ್ರ ತೋರಿಸುವ ಮೆಷಿನ್) ಹತ್ತಿರ ನಿಲ್ಲುವವರಿಗೆ 0.5, ಜೊತೆಗೆ ಕುತ್ತಿಗೆಗೆ ಥೈರಾಯ್ಡ್ ಶೀಲ್ಡ್. ಮಡಿಸಿ ಕುರ್ಚಿಯ ಮೇಲೆ ಹಾಕಿದ ಏಪ್ರನ್ ಒಳಗೆ ಬಿರುಕು ಬಿಡ್ತದೆ, ಹೊರಬಟ್ಟೆ ಹೊಸದರ ಹಾಗೇ ಕಾಣ್ತದೆ. ಅಗಲದ ಹ್ಯಾಂಗರಿಗೇ ತೂಗುಹಾಕಿ. ವರ್ಷಕ್ಕೊಮ್ಮೆ ಕ್ಯಾಸೆಟ್ ಮೇಲೆ ಹರಡಿ ನಾಲ್ಕಾರು ತುಂಡಾಗಿ ಎಕ್ಸ್-ರೇ ತೆಗೆಯಿರಿ, ಬಿರುಕು ಕಪ್ಪು ಗೆರೆಯಾಗಿ ಕಾಣ್ತದೆ. ಎದೆ, ಹೊಟ್ಟೆಯ ಜಾಗದಲ್ಲಿ ಸುಮಾರು 15 ಚದರ ಮಿ.ಮೀ.ಗಿಂತ ದೊಡ್ಡ ದೋಷ ಇದ್ದರೆ ಬಳಕೆಯಿಂದ ತೆಗೆದುಬಿಡಿ. ಮಳೆಗಾಲದಲ್ಲಿ ಬೂಸಲು ಬಂದರೆ ಒದ್ದೆ ಬಟ್ಟೆ, ಮೆದು ಸಾಬೂನು ಸಾಕು. ಬ್ಲೀಚ್ ಮುಟ್ಟಿಸಬೇಡಿ, ಬಿಸಿಲಿಗೂ ಒಣಹಾಕಬೇಡಿ.

ಅಡ್ಕದಮನೆ

ಕೆಲಸದವರ ಮೈಮೇಲೆ ಬಿದ್ದ ಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಎಷ್ಟು ಬೇಕು? ಡಾಕ್ಟ್ರಿಗೂ ಬೇಕಾ?

ಕಿರಣಕಾವಲು

ಎಕ್ಸ್-ರೇ ತೆಗೆಯುವ ಪ್ರತಿಯೊಬ್ಬರಿಗೂ ಒಂದು, ಮೇಲಿಂದ ಒಂದು ಕಂಟ್ರೋಲ್ ಕಾರ್ಡ್ (ಯಾರೂ ಧರಿಸದೆ ಕಿರಣವಿಲ್ಲದ ಜಾಗದಲ್ಲಿ ಹೋಲಿಕೆಗೆ ಇಡುವುದು). ಕೋಣೆಗೆ ಕಾಲಿಡದ ಡಾಕ್ಟ್ರಿಗೆ ಬೇಡ. ಸಿ-ಆರ್ಮ್ ಬಳಸುವ ಮೂಳೆ ಡಾಕ್ಟ್ರಿಗೆ ಬೇಕೇ ಬೇಕು. ಕಾರ್ಡಿನೊಳಗೆ ಮೂರು ಬಿಲ್ಲೆಗಳಿವೆ, ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನವು. ಬಿಸಿ ಮಾಡಿದಾಗ ಅವು ಹೊರಸೂಸುವ ಬೆಳಕನ್ನು ಅಳೆದು ಬಿದ್ದ ಪ್ರಮಾಣ ಹೇಳುತ್ತಾರೆ. ಮೂರು ತಿಂಗಳಿಗೊಮ್ಮೆ ಬದಲಾವಣೆ. ಎದೆಯ ಮಟ್ಟದಲ್ಲಿ, ಏಪ್ರನ್ ಇದ್ದರೆ ಅದರ ಒಳಗೆ ಧರಿಸಬೇಕು.

ತಪ್ಪಾಗುವುದು ಎಲ್ಲಿ ಎಂದರೆ: ಬ್ಯಾಡ್ಜನ್ನು ಏಪ್ರನ್ ಜೇಬಿನಲ್ಲೇ ಬಿಟ್ಟು ಕೋಣೆಯಲ್ಲಿ ತೂಗುಹಾಕುವುದು. ಕಂಟ್ರೋಲ್ ಕಾರ್ಡನ್ನು ಎಕ್ಸ್-ರೇ ಕೋಣೆಯ ಡ್ರಾಯರಿನಲ್ಲೇ ಇಡುವುದು. ಅದು ಹೆಚ್ಚು ತೋರಿಸಿದರೆ ಎಲ್ಲರ ಲೆಕ್ಕದಿಂದ ಅಷ್ಟು ಕಳೆದುಹೋಗಿ ನಿಜ ಮುಚ್ಚಿಹೋಗ್ತದೆ. ಯೂನಿಫಾರ್ಮ್ ಜೊತೆ ಒಗೆಯುವುದು. ರಜೆಯವರ ಬ್ಯಾಡ್ಜ್ ಬದಲಿಗೆ ಬಂದವರು ಹಾಕಿಕೊಳ್ಳುವುದು. ತಮ್ಮದೇ ಎಕ್ಸ್-ರೇ ತೆಗೆಸಿಕೊಳ್ಳುವಾಗ ಬಿಚ್ಚದಿರುವುದು.

ಕೆಲಸಗಾರರಿಗೆ ಮಿತಿ: ಐದು ವರ್ಷಗಳ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಒಂದು ಅವಧಿಯಲ್ಲಿ 10 ದಾಟಿದರೆ ವಿಚಾರಣೆ ಬರ್ತದೆ. ತಡೆಯ ಹಿಂದೆ ನಿಂತು ಮಾಮೂಲಿ ಎಕ್ಸ್-ರೇ ತೆಗೆಯುವವರ ಬ್ಯಾಡ್ಜ್ ಇದರ ಹತ್ತಿರಕ್ಕೂ ಬರಬಾರದು. ಬಂದರೆ ಕೋಣೆಯನ್ನೋ ಅಭ್ಯಾಸವನ್ನೋ ನೋಡಬೇಕು.

ಪಯಸ್ವಿನಿ (ಸ್ತ್ರೀರೋಗ ವಿಭಾಗ)

ಗರ್ಭಿಣಿಯರ ಬಗ್ಗೆ ಸ್ಪಷ್ಟವಾಗಿ ಬರೆಯಬೇಕು. ಹೆದರಿಕೆಯಿಂದ ಆಗುವ ಹಾನಿ ಇಲ್ಲಿ ಕಿರಣದಿಂದ ಆಗುವುದಕ್ಕಿಂತ ದೊಡ್ಡದು.

ಎದೆಯ ಒಂದು ಎಕ್ಸ್-ರೇಯಲ್ಲಿ ಭ್ರೂಣಕ್ಕೆ ತಗಲುವುದು 0.01 ಮಿಲಿಗ್ರೇಗಿಂತ ಕಡಿಮೆ. ಹೊಟ್ಟೆ, ಸೊಂಟದ ಎಕ್ಸ್-ರೇಯಲ್ಲಿ ಒಂದರಿಂದ ಮೂರು ಮಿಲಿಗ್ರೇ. ಸೊಂಟದ ಸಿಟಿ ಸ್ಕ್ಯಾನಿನಲ್ಲಿ 10ರಿಂದ 50. 100 ಮಿಲಿಗ್ರೇಗಿಂತ ಕೆಳಗಿದ್ದರೆ ಆ ಒಂದು ಕಾರಣಕ್ಕೆ ಗರ್ಭ ತೆಗೆಸುವುದು ಸರಿಯಲ್ಲವೆಂದು ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಹೇಳಿದೆ. ಗೊತ್ತಿಲ್ಲದೆ ಸೊಂಟದ ಎಕ್ಸ್-ರೇ ತೆಗೆಸಿಕೊಂಡು ಆಮೇಲೆ ಗರ್ಭಿಣಿಯೆಂದು ತಿಳಿದು ಬಂದವರಿಗೆ ಕೆವಿ, ಎಂಎಎಸ್, ದೂರ, ಎಷ್ಟು ಸಲ ಎಂಬ ದಾಖಲೆ ಬೇಕು. ಆ ಅಂಕಿಗಳಿದ್ದರೆ ಲೆಕ್ಕ ಹಾಕಿ ಧೈರ್ಯ ಹೇಳಬಹುದು. ಆದ್ದರಿಂದ ಪ್ರತಿ ಎಕ್ಸ್-ರೇಯ ಅಂಕಿಗಳನ್ನು ರಿಜಿಸ್ಟರಿನಲ್ಲಿ ಬರೆದಿಡಿ.

ಗರ್ಭಿಣಿಯಾದ ರೇಡಿಯೋಗ್ರಾಫರ್ ಕೆಲಸ ಬಿಡಬೇಕಿಲ್ಲ. ಮೊದಲೇ ತಿಳಿಸಲಿ. ಅಲ್ಲಿಂದ ಮುಂದೆ ಹೆರಿಗೆಯವರೆಗೆ ಭ್ರೂಣಕ್ಕೆ 1 ಮಿಲಿಸೀವರ್ಟ್ ಮಿತಿ. ವಾರ್ಡಿನ ಪೋರ್ಟಬಲ್, ಸಿ-ಆರ್ಮ್ ಕೆಲಸದಿಂದ ಬಿಡಿಸಿ ತಡೆಯ ಹಿಂದಿನ ಕೆಲಸ ಕೊಡಿ.

ಕೇಳುವ ರೀತಿಯ ಬಗ್ಗೆಯೂ ಯೋಚಿಸಿ. ಜಗಲಿಯಲ್ಲಿ ಅತ್ತೆ, ಮೈದುನ, ಅಕ್ಕಪಕ್ಕದವರು ಕೂತಿರುವಾಗ ಗಟ್ಟಿಯಾಗಿ ಕೇಳಿದರೆ ಯಾವ ಹುಡುಗಿಯೂ ನಿಜ ಹೇಳುವುದಿಲ್ಲ. ಒಳಗೆ ಕರೆದು ಬಾಗಿಲು ಹಾಕಿ, ಕೊನೆಯ ಸಲ ಮುಟ್ಟಾದ ದಿನ ಯಾವುದು ಎಂದು ಮೆಲ್ಲಗೆ ಕೇಳಿ. ನಮ್ಮಲ್ಲಿ ಬರುವವರು ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಮಾತಾಡುವವರು. ಬೋರ್ಡ್ ಕನ್ನಡದಲ್ಲೂ ಮಲಯಾಳದಲ್ಲೂ ದೊಡ್ಡದಾಗಿ ಇರಲಿ. ಓದಲು ಬಾರದವರಿಗಾಗಿ ಒಂದು ಚಿತ್ರವೂ ಇರಲಿ.

ಅಡ್ಕದಮನೆ

ಬೋರ್ಡಿಗೆ ಒಕ್ಕಣೆ ಕೊಡಿ ಡಾಕ್ಟ್ರೇ. ಹಾಗೇ ಕೆಲಸ ಎಲ್ಲ ಮುಗಿದ ಮೇಲೆ ಸರಿಯಾಗಿದೆಯೆಂದು ಗೊತ್ತಾಗುವುದು ಹೇಗೆ? ಕ್ಲಿನಿಕ್‌ನಲ್ಲಿ ಒಂದು ಹಳೇ ಎಕ್ಸ್-ರೇ ಮೆಷಿನ್ ಮೂಲೆಯಲ್ಲಿ ಬಿದ್ದಿದೆ, ಗುಜರಿಯವರು ಕೇಳ್ತಿದ್ದಾರೆ. ಅದರಲ್ಲಿ ಅಪಾಯ ಉಂಟಾ?

ಕಿರಣಕಾವಲು

ಸರ್ವೇ ಬಗ್ಗೆ. ಗುಣಮಟ್ಟ ಪರೀಕ್ಷೆಗೆ ಮಾನ್ಯತೆ ಇರುವವರನ್ನೇ ಕರೆಸಿ, ಮೆಷಿನ್ ಕೂರಿಸಿದಾಗ ಒಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಎಕ್ಸ್-ರೇ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯುವುದರಿಂದ ಸಾದಾ ಗೈಗರ್ ಮೀಟರಿನ ಮುಳ್ಳು ಮೇಲೇರುವುದರೊಳಗೆ ಕಿರಣ ನಿಂತಿರ್ತದೆ. ಸೊನ್ನೆ ಎಂದು ಬರೆದುಕೊಂಡು ಹೋಗುತ್ತಾರೆ. ಅಯಾನ್ ಚೇಂಬರ್ ಮೀಟರ್ ಬೇಕು, ಮೇಜಿನ ಮೇಲೆ ರೋಗಿಯ ಬದಲಿಗೆ ನೀರಿನ ಫ್ಯಾಂಟಮ್ ಬೇಕು, ಎಕ್ಸ್‌ಪೋಷರ್ ಕನಿಷ್ಠ ಒಂದು ಸೆಕೆಂಡ್ ಇರಬೇಕು.

ಲೆಕ್ಕ ನೀವೇ ಹಾಕಬಹುದು. ದಿನಕ್ಕೆ 40, ವಾರಕ್ಕೆ 6 ದಿನ, ಸರಾಸರಿ 20 ಎಂಎಎಸ್. ವಾರಕ್ಕೆ 4800 ಎಂಎಎಸ್, ಅಂದರೆ 80 ಎಂಎ-ನಿಮಿಷ. ಇದನ್ನು ಮೀಟರ್ ತೋರಿಸಿದ್ದರಿಂದ ಗುಣಿಸಿ, 60ರಿಂದಲೂ ಅಳೆಯುವಾಗ ಇಟ್ಟ ಎಂಎಯಿಂದಲೂ ಭಾಗಿಸಿ. 100 ಎಂಎಯಲ್ಲಿ ಗೋಡೆಯಾಚೆ ಗಂಟೆಗೆ 2 ಮಿಲಿರಾಂಟ್ಜನ್ (ಕಿರಣ ಅಳೆಯುವ ಹಳೆ ಏಕಮಾನ) ತೋರಿಸಿದರೆ ವಾರಕ್ಕೆ 0.03ಕ್ಕೂ ಕಡಿಮೆ. ಬಾಗಿಲಿನ ಸಂದಿನಲ್ಲಿ 200 ತೋರಿಸಿದರೆ ವಾರಕ್ಕೆ 2.7. ಸಾರ್ವಜನಿಕರು ಇರುವ ಜಾಗಕ್ಕೆ ವಾರಕ್ಕೆ 2, ಕೆಲಸಗಾರರ ಜಾಗಕ್ಕೆ 40 ಮಿತಿ. ಆ ಬಾಗಿಲು ಫೇಲ್. ಅಳೆಯುವವರು ಗೋಡೆಯ ನಡುಭಾಗದಲ್ಲಿ ಮೀಟರ್ ಹಿಡಿದು ಮುಗಿಸಲಿಕ್ಕೆ ಬಿಡಬೇಡಿ. ಬಾಗಿಲಿನ ನಾಲ್ಕು ಅಂಚು, ಬೀಗದ ಜಾಗ, ಸ್ವಿಚ್ ಬಾಕ್ಸಿನ ಹಿಂಬದಿ, ಮುಚ್ಚಿದ ಕಿಟಕಿ, ಮೆಡಿಕಲ್ ಶಾಪಿನ ಕೌಂಟರ್, ದರೆಯ ಮೇಲಿನ ದಾರಿ. ಮನೆಯವರು ಒಪ್ಪಿದರೆ ಆ ಮಾಳಿಗೆ ಕಿಟಕಿಯಲ್ಲೂ. ವರದಿಯ ಪ್ರತಿ ಅವರಿಗೂ ಕೊಡಿ.

ಅನುಮತಿ ಎಇಆರ್‌ಬಿಯ ಇ-ಲೋರಾ ಜಾಲತಾಣದಲ್ಲೇ, ಪರೀಕ್ಷಾ ವರದಿ ಅಲ್ಲಿ ಏರಿಸಬೇಕು. ಕೇರಳದಲ್ಲಿ ತಿರುವನಂತಪುರದ ವಿಕಿರಣ ಸುರಕ್ಷತಾ ನಿರ್ದೇಶನಾಲಯವೂ ಇದೆ. ಅನುಮತಿ ಬರುವವರೆಗೆ, ಈ ಪರೀಕ್ಷೆಗೆ ಬಿಟ್ಟು, ಮೆಷಿನ್ ಚಾಲೂ ಮಾಡುವಂತಿಲ್ಲ.

ಹಳೇ ಮೆಷಿನಿನಲ್ಲಿ ವಿಕಿರಣಶೀಲ ವಸ್ತು ಇಲ್ಲ. 2010ರಲ್ಲಿ ದಿಲ್ಲಿಯ ಮಾಯಾಪುರಿ ಗುಜರಿಯಲ್ಲಿ ಒಬ್ಬರ ಪ್ರಾಣ ಹೋದದ್ದು ವಿಶ್ವವಿದ್ಯಾಲಯದಿಂದ ಬಂದ ಕೋಬಾಲ್ಟ್-60 ಉಪಕರಣ ಒಡೆದು. ಅದು ಬೇರೆಯೇ ವರ್ಗ. ಆದರೆ ಮೆಷಿನನ್ನು ಇಡಿಯಾಗಿ ಕೊಟ್ಟರೆ ಯಾರಾದರೂ ರಿಪೇರಿ ಮಾಡಿ, ಅನುಮತಿ ಇಲ್ಲದ ಇನ್ನೊಂದು ಕೋಣೆಯಲ್ಲಿ ಹಚ್ಚುತ್ತಾರೆ. ಮೊದಲು ಇ-ಲೋರಾದಲ್ಲಿ ಮೆಷಿನ್ ನಿಲ್ಲಿಸಿದ್ದನ್ನು ತಿಳಿಸಿ. ಸರ್ವಿಸ್‌ನವರಿಂದ ಟ್ಯೂಬ್ ಕೆಡಿಸಿ, ಕೇಬಲ್ ತುಂಡರಿಸಿ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಟ್ಯೂಬಿನ ಗಾಜಿನ ಒಳಗೆ ನಿರ್ವಾತ ಇರುವುದರಿಂದ ಒಡೆದರೆ ಸಿಡಿಯುತ್ತದೆ, ಕಣ್ಣು ಜೋಪಾನ. ಹೌಸಿಂಗಿನ ಎಣ್ಣೆಯನ್ನು ಮಣ್ಣಿಗೆ ಚೆಲ್ಲಬಾರದು. ಒಳಗಿನ ಸೀಸದ ಕವಚವನ್ನು ಬೇರೆ ಮಾಡಿಯೇ ಕೊಡಿ.

ಪಯಸ್ವಿನಿ

ಬೋರ್ಡಿಗೆ ಇಷ್ಟು ಸಾಕು, ಇದನ್ನೇ ಮಲಯಾಳದಲ್ಲೂ ಬರೆಸಿ:

"ನೀವು ಗರ್ಭಿಣಿಯಾಗಿದ್ದರೆ ಅಥವಾ ಮುಟ್ಟು ತಡವಾಗಿದ್ದರೆ ಎಕ್ಸ್-ರೇ ತೆಗೆಯುವ ಮೊದಲು ಸಿಬ್ಬಂದಿಗೆ ತಿಳಿಸಿ. ನೀವು ಹೇಳಿದ್ದನ್ನು ಬೇರೆಯವರಿಗೆ ಹೇಳುವುದಿಲ್ಲ."

ಬಾಗಿಲಿನ ಮೇಲೆ ಕೆಂಪು ದೀಪ, ಅದರ ಕೆಳಗೆ ಮೂರೆಸಳಿನ ವಿಕಿರಣ ಚಿಹ್ನೆ, "ದೀಪ ಉರಿಯುವಾಗ ಒಳಗೆ ಬರಬೇಡಿ" ಎಂಬ ಸಾಲು.

ಗಾರೆಕೆಲಸ

ಆ ಕೆಂಪು ದೀಪದ ವಯರಿಗೆ ದಾರಂದದ ಮೇಲೆ ಹೊಸ ತೂತು ಕೊರೆಸಬೇಡಿ ಅಡ್ಕದಮನೆಯವರೇ. ಎಕ್ಸಾಸ್ಟ್ ಫ್ಯಾನಿನ ದಾರಿಯಲ್ಲೇ ಹೊರಗೆ ತೆಗೆಯಿರಿ.